ಲೇಖಕರಾಗೋಕೆ ಕ್ಯಾಂಪಸ್ ಡ್ರೈವ್ ಇಲ್ಲ

ಈ ಸಂಚಿಕೆಗೆ ಕತೆ ಕೊಡಿ ಅಂತ ನಾವು ಕ್ಲಾಸ್ ಕ್ಲಾಸಿಗೂ ಹೋಗಿ ಕೇಳಿದ್ವಿ. ಪೋಸ್ಟರ್ ಅಂಟಿಸಿದ್ವಿ. ಕ್ಯಾಂಟೀನ್ ಗೋಡೆಗೆ ಅಂಟಿಸಿದ್ದನ್ನ ಎರಡೇ ದಿನದಲ್ಲಿ ರೊಬೊಟಿಕ್ಸ್ ಕ್ಲಬ್‌ನವರು ತಮ್ಮ ಪೋಸ್ಟರಿನಿಂದ ಮುಚ್ಚಿದರು, ಅದು ಬೇರೆ ವಿಷಯ. ಕೊನೆಗೆ ಬಂದ ಕತೆಗಳು ಮೂರು. ಅದರಲ್ಲಿ ಒಂದು ನಮ್ಮ ಕ್ಲಬ್ಬಿನವರದ್ದೇ. ಇನ್ನೊಂದನ್ನ ಮನುಷ್ಯರು ಬರೆದಿರಲಿಲ್ಲ. ಆ ಕತೆಯ ಕತೆ ಮುಂದೆ ಹೇಳ್ತೀವಿ.

ಆಶ್ಚರ್ಯ ಏನಂದ್ರೆ, ಕೇಳೋಕೆ ಹೋದಾಗ 'ನಂಗೆ ಬರೆಯೋದು ಇಷ್ಟ ಇಲ್ಲ' ಅಂದವರು ತೀರಾ ಕಡಿಮೆ. ಹೆಚ್ಚಿನವರು ಹೇಳಿದ್ದು ಎರಡೇ ಮಾತು. ಒಂದು, 'ನನ್ನ ಕನ್ನಡ ಅಷ್ಟು ಚೆನ್ನಾಗಿಲ್ಲ ಗುರು.' ಇನ್ನೊಂದು, 'ಪ್ಲೇಸ್‌ಮೆಂಟ್ ಆಗ್ಲಿ, ಆಮೇಲೆ ಆರಾಮಾಗಿ ಬರೀತೀನಿ.' ಕ್ಲಾಸಿನಿಂದ ಹೊರಗೆ ಬಂದ ಮೇಲೆ ಕಾರಿಡಾರಲ್ಲಿ ಹಿಂದೆಯೇ ಬಂದು, ಯಾರಿಗೂ ಕೇಳಿಸದ ಹಾಗೆ, 'ನಿಜವಾಗ್ಲೂ ರೈಟರ್ ಆಗ್ಬೇಕು ಅಂತಿದೆ, ಏನ್ ಮಾಡ್ಬೇಕು?' ಅಂತ ಕೇಳಿದವರು ನಾಲ್ಕು ಜನ. ಬ್ಯಾಕ್‌ಲಾಗ್ ಇದೆ ಅಂತ ಹೇಳೋವಾಗಲೂ ನಮ್ಮವರು ಇಷ್ಟು ಮೆಲ್ಲಗೆ ಮಾತಾಡಲ್ಲ. ಈ ಲೇಖನ ಆ ನಾಲ್ವರಿಗೆ.

ನಾವು ಅಂದ್ರೆ ಸೆಕೆಂಡ್ ಇಯರ್‌ನ ಐದು ಜನ. ಐವರಲ್ಲಿ ನಾಲ್ವರು ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ಸ್ಕೂಲಲ್ಲಿ ಕನ್ನಡ ಮಾತಾಡಿದ್ದಕ್ಕೆ ಹತ್ತು ರೂಪಾಯಿ ಫೈನ್ ಕಟ್ಟಿದವರೂ ಇದ್ದೀವಿ. ಪುಸ್ತಕ ಬರೆದವರು ಯಾರೂ ಇಲ್ಲ. ಹಾಗಾಗಿ ಸಲಹೆ ಕೊಡೋ ಅರ್ಹತೆ ನಮಗೇನೂ ಇಲ್ಲ. ಆದರೆ ಮೇಲೆ ಹೇಳಿದ ಎರಡು ನೆಪಗಳನ್ನೂ ನಾವು ಪೂರ್ತಿ ಒಂದು ವರ್ಷ ಜೇಬಲ್ಲಿಟ್ಟುಕೊಂಡು ತಿರುಗಿದ್ದೀವಿ. ಎರಡೂ ಹುರುಳಿಲ್ಲದವು ಅಂತ ಈಗ ನಮಗೆ ಅನ್ನಿಸಿದೆ. ಯಾಕೆ ಅಂತ ಹೇಳೋದಷ್ಟೇ ನಮ್ಮ ಕೆಲಸ.

ಮೊದಲು ಕನ್ನಡದ ವಿಷಯ. ನಮ್ಮ ಕನ್ನಡ ಚೆನ್ನಾಗಿಲ್ಲ, ಒಪ್ಕೋತೀವಿ. 'ಶ' ಎಲ್ಲಿ, 'ಷ' ಎಲ್ಲಿ ಅಂತ ಈಗಲೂ ಗೊಂದಲ. ಮಹಾಪ್ರಾಣ ಬಂದ ಕಡೆಯೆಲ್ಲ ನಮ್ಮ ಪ್ರಾಣ ಹೋಗುತ್ತೆ. 'ಸಾಂಸ್ಕೃತಿಕ ಕನ್ನಡ' ಅನ್ನೋ ಒಂದು ಕ್ರೆಡಿಟ್ಟಿನ ವಿಷಯದಲ್ಲಿ ನಮ್ಮಲ್ಲೊಬ್ಬನಿಗೆ ಮ್ಯಾಥ್ಸ್‌ಗಿಂತ ಕಡಿಮೆ ಮಾರ್ಕ್ಸ್ ಬಂದಿದೆ. ಈ ಪತ್ರಿಕೆಯ ಪ್ರೂಫ್ ನೋಡೋದು ಅವನೇ. (ತಪ್ಪು ಕಂಡರೆ ಅವನನ್ನೇ ಹಿಡಿಯಿರಿ.)

ಆದರೆ 'ನನ್ನ ಕನ್ನಡ ಚೆನ್ನಾಗಿಲ್ಲ' ಅನ್ನೋವಾಗ ನಮ್ಮ ತಲೆಯಲ್ಲಿರೋ ಆ 'ಚೆನ್ನಾಗಿರೋ ಕನ್ನಡ' ಯಾವುದು? ಹತ್ತನೇ ಕ್ಲಾಸಿನ ಗೈಡಲ್ಲಿದ್ದ ಪ್ರಬಂಧದ ಕನ್ನಡ. 'ಪೀಠಿಕೆ, ವಿಷಯ ವಿವರಣೆ, ಉಪಸಂಹಾರ' ಅಂತ ಮೂರು ತುಂಡು ಮಾಡಿ, ಪರಿಸರ ಮಾಲಿನ್ಯದ ಬಗ್ಗೆ ಒಂದೂವರೆ ಪುಟ ಬರೀತಿದ್ವಲ್ಲ, ಅದು. ಆ ಕನ್ನಡದಲ್ಲಿ ಯಾರ ಮನೆಯಲ್ಲೂ ಯಾರೂ ಜಗಳ ಆಡಿಲ್ಲ, ಯಾರೂ ಸಾರು ಬಡಿಸಿಲ್ಲ, ಯಾರೂ ಯಾರಿಗೂ ಸಾಲ ಕೇಳಿಲ್ಲ. ಕತೆ ಇರೋದೇ ಇಂಥ ಕಡೆ. ಹಾಗಾದ್ರೆ ಆ ಕನ್ನಡ ಬಂದೇ ತೀರಬೇಕು ಅಂತ ನಾವು ಕಾಯ್ತಿರೋದು ಯಾಕೆ?

ಇನ್ನೊಂದು ಸಂಗತಿ ನಮಗೆ ಗೊತ್ತೇ ಇರಲಿಲ್ಲ. ಕನ್ನಡಕ್ಕೆ ಎಂಟು ಜ್ಞಾನಪೀಠ ಬಂದಿದೆ ಅಂತ ಕ್ವಿಜ್‌ಗಳಲ್ಲಿ ಎಲ್ಲರೂ ಬಾಯಿಪಾಠ ಹೇಳ್ತೀವಿ. ಆ ಎಂಟರಲ್ಲಿ ಮಾಸ್ತಿ ಅವರ ಮನೆಮಾತು ತಮಿಳು, ಬೇಂದ್ರೆ ಅವರದ್ದು ಮರಾಠಿ, ಗಿರೀಶ ಕಾರ್ನಾಡರದ್ದು ಕೊಂಕಣಿ. ಕುವೆಂಪು ಮನೆಯಲ್ಲಿ ಕನ್ನಡವೇ ಇತ್ತು, ಆದರೆ ಅವರ ಮೊದಲ ಕವನ ಸಂಕಲನ ಇಂಗ್ಲಿಷಿನದ್ದು. 1922ರಲ್ಲಿ ಬಂದಿದ್ದು, ಹೆಸರು 'ಬಿಗಿನರ್ಸ್ ಮ್ಯೂಸ್'. ಆಮೇಲೆ ಜೇಮ್ಸ್ ಕಸಿನ್ಸ್ ಅನ್ನೋ ಐರಿಷ್ ಕವಿ ಇವರ ಇಂಗ್ಲಿಷ್ ಪದ್ಯಗಳನ್ನ ನೋಡಿ, ನಿಮ್ಮ ಭಾಷೆಯಲ್ಲೇ ಯಾಕೆ ಬರೆಯಬಾರದು ಅಂತ ಕೇಳಿದರಂತೆ. ಕಾರ್ನಾಡರ ಕತೆಯೂ ಇದಕ್ಕೆ ಹತ್ತಿರದ್ದೇ. ಇಂಗ್ಲಿಷ್ ಕವಿ ಆಗ್ಬೇಕು ಅಂತ ಕನಸಿಟ್ಟುಕೊಂಡು ಆಕ್ಸ್‌ಫರ್ಡ್‌ಗೆ ಹೊರಡೋ ತಯಾರಿಯಲ್ಲಿದ್ದ ಹುಡುಗ ಬರೆದ ಮೊದಲ ನಾಟಕ 'ಯಯಾತಿ' ಕನ್ನಡದಲ್ಲಿ ಬಂತು. ಅದು ಅವರಿಗೇ ಆಶ್ಚರ್ಯ ತಂದಿತ್ತು. ಧಾರವಾಡದ ಮನೋಹರ ಗ್ರಂಥಮಾಲೆಯವರು ಅದನ್ನ 1961ರಲ್ಲಿ ಅಚ್ಚು ಹಾಕಿದರು.

ಬಾನು ಮುಷ್ತಾಕ್ ಅವರ ಹೆಸರು 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದಾಗ ನಮ್ಮ ಹಾಸ್ಟೆಲ್ ವಾಟ್ಸಾಪ್ ಗ್ರೂಪಲ್ಲೂ ಬಂತು. ಐಪಿಎಲ್ ಸೀಸನ್ನಲ್ಲಿ ಅದು ಸಣ್ಣ ಸಾಧನೆ ಅಲ್ಲ. ಅವರ ಮನೆಮಾತು ದಖನಿ ಉರ್ದು. ಎಂಟನೇ ವಯಸ್ಸಿಗೆ ಶಿವಮೊಗ್ಗದಲ್ಲಿ ಕನ್ನಡ ಶಾಲೆಗೆ ಸೇರಿಸೋವಾಗ, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿತರೆ ಮಾತ್ರ ಅಂತ ಷರತ್ತು ಹಾಕಿದ್ದರಂತೆ. ಅವರು ಕೆಲವೇ ದಿನಗಳಲ್ಲಿ ಬರೆಯೋಕೆ ಶುರು ಮಾಡಿದರು. ನಮಗೋ, ಹದಿನಾಲ್ಕು ವರ್ಷ ಸೆಕೆಂಡ್ ಲ್ಯಾಂಗ್ವೇಜ್ ಅಂತ ಓದಿಯೂ 'ಇನ್ನೂ ರೆಡಿ ಇಲ್ಲ'.

ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದಿಲ್ಲದವರು ಒಂದು ಭಾನುವಾರ ಬೆಳಿಗ್ಗೆ ಕೂತರೆ ಸಂಜೆಯೊಳಗೆ ಮುಗಿಸಬಹುದು, ಅಷ್ಟು ಚಿಕ್ಕದು. ಆ ಹೆಸರಿನ ಅರ್ಥ ಯಾವ ನಿಘಂಟಲ್ಲೂ ಇಲ್ಲ. ಒಂದು ಮನೆಯವರು, ಬಿಡಿಸೋಕೆ ಆಗದ ಹಾಗೆ ಗಂಟಾಗಿರೋದಕ್ಕೆ ತಮ್ಮೊಳಗೇ ಇಟ್ಟುಕೊಂಡ ಪದ ಅದು. ಆ ಪದ ಇಂಗ್ಲಿಷ್ ಅನುವಾದಕ್ಕೂ ಹಾಗೇ ಹೆಸರಾಗಿ ಹೋಯ್ತು. ನಿಮ್ಮ ಮನೆಯಲ್ಲೂ ಇಂಥ ಒಂದೆರಡು ಪದ ಇದ್ದೇ ಇರುತ್ತೆ. ಹಾಸ್ಟೆಲ್ಲಿನ ಪ್ರತಿ ವಿಂಗಿನಲ್ಲೂ ಇದೆ. (ನಮ್ಮ ವಿಂಗಿನದ್ದನ್ನ ಇಲ್ಲಿ ಬರೆದರೆ ಫ್ಯಾಕಲ್ಟಿ ಸರ್ ಈ ಸಂಚಿಕೆಯನ್ನೇ ತಡೆಹಿಡೀತಾರೆ.) ಅಂಥ ಪದಗಳಿಗೆ ಯಾವ ಗೈಡೂ ಇಲ್ಲ, ನಾವೇ ಗೈಡು. ವಿವೇಕರು ಓದಿದ್ದೂ ಇಂಜಿನಿಯರಿಂಗೇ ಅಂತ ಇಲ್ಲೇ ಸೇರಿಸಿಬಿಡ್ತೀವಿ.

ಈಗ ಆ ಎರಡನೇ ಕತೆಯ ವಿಷಯ.

ಆ ಕತೆ ಕಳಿಸಿದ್ದು ವಿಜಯಪುರ ಕಡೆಯ ಫಸ್ಟ್ ಇಯರ್ ಹುಡುಗ. ಕತೆ ಅಜ್ಜಿಯ ಬಗ್ಗೆ. ಒಂದು ತಪ್ಪಿಲ್ಲ. ಅರ್ಕಾವತ್ತುಗಳೆಲ್ಲ ನೆಟ್ಟಗೆ ಕೂತಿವೆ. ಹಸಿರು ಹೊದ್ದ ಬೆಟ್ಟದ ತಪ್ಪಲಲ್ಲಿ ಒಂದು ಪುಟ್ಟ ಹಳ್ಳಿ, ಅಲ್ಲೊಬ್ಬಳು ಪ್ರೀತಿಯ ಅಜ್ಜಿ, ಅವಳ ಕಣ್ಣುಗಳಲ್ಲಿ ಜೀವನದ ಅನುಭವ, ಕೊನೆಯಲ್ಲಿ ಮೊಮ್ಮಗನಿಗೆ ಒಂದು ಪಾಠ. ಪ್ರೂಫ್ ನೋಡೋನಿಗೆ ಖುಷಿಯೋ ಖುಷಿ, ಮಾಡೋಕೆ ಕೆಲಸವೇ ಇಲ್ಲ. ಆದರೆ ಎರಡನೇ ಸಲ ಓದಿದಾಗ ಏನೋ ಕೊರತೆ ಅನ್ನಿಸ್ತು. ವಿಜಯಪುರ ಕಡೆ ಹಸಿರು ಹೊದ್ದ ಬೆಟ್ಟ ಎಲ್ಲಿಂದ ಬಂತು? ಅವನನ್ನ ಕರೆದು ಕ್ಯಾಂಟೀನಲ್ಲಿ ಟೀ ಕೊಡಿಸಿ ಕೇಳಿದ್ವಿ. 'ನಿಮ್ಮಜ್ಜಿ ಹೀಗೇ ಮಾತಾಡ್ತಾರಾ?' ಅವನು ಸ್ವಲ್ಪ ಹೊತ್ತು ಗ್ಲಾಸ್ ನೋಡ್ತಾ ಕೂತ. ಆಮೇಲೆ ನಕ್ಕ. 'ಇಲ್ರಿ ಅಣ್ಣಾ, ಅದು ಎಐ ಬರದದ್ದು. ನಮ್ಮ ಆಯಿ ಹಿಂಗ ಮಾತಾಡಂಗಿಲ್ಲ. ಮೊದಲ ಬೈತಾಳ, ಆಮ್ಯಾಲ ಊಟಕ್ಕ ಕರೀತಾಳ.'

ಆ ಒಂದು ಮಾತು ಕೇಳಿ ನಾವು ಐದೂ ಜನ ಸುಮ್ಮನಾದ್ವಿ. ಮೂರು ಪುಟದ ಆ ನುಣುಪು ಕತೆಯಲ್ಲಿ ಇಲ್ಲದಿದ್ದ ಅಜ್ಜಿ, ಟೀ ಗ್ಲಾಸಿನ ಪಕ್ಕ ಅರ್ಧ ನಿಮಿಷದಲ್ಲಿ ಬಂದು ಕೂತುಬಿಟ್ಟಿದ್ದರು. ಇದನ್ನೇ ಬರಿ ಅಂದ್ವಿ. 'ಇದು ನಮ್ಮ ಮಾತು ರೀ, ಇದನ್ನ ಬರದರ ನಗ್ತಾರ' ಅಂದ. ಅವನ ಕ್ಲಾಸಲ್ಲಿ ಅವನು ಮಾತಾಡಿದರೆ ನಗೋರು ಇದ್ದಾರೆ, ಅದೂ ನಿಜ. ಬೆಂಗಳೂರು ಮೈಸೂರು ಕಡೆಯ ನಮ್ಮಂಥವರೇ ನಗೋದು. ಅದಕ್ಕೆ ನಾವು ಇಲ್ಲಿ ಅವನಿಗೆ ಬಹಿರಂಗವಾಗಿ ಸಾರಿ ಹೇಳ್ತಿದ್ದೀವಿ.

ಎಐ ಬಳಸಬಾರದು ಅಂತ ಭಾಷಣ ಹೊಡೆಯೋಕೆ ನಾವೇನೂ ಸಾಚಾಗಳಲ್ಲ. ಲ್ಯಾಬ್ ರೆಕಾರ್ಡಿನ 'ಥಿಯರಿ' ಭಾಗ ಯಾರು ಬರೀತಾರೆ ಅಂತ ಎಲ್ಲರಿಗೂ ಗೊತ್ತು. ರಾಜ್ಯೋತ್ಸವದ ಅತಿಥಿಗಳಿಗೆ ಕಳಿಸಿದ ಆಮಂತ್ರಣ ಪತ್ರವನ್ನೂ ನಾವು ಅದರಿಂದಲೇ ಬರೆಸಿದ್ದು. ಕಾಗುಣಿತ ನೋಡೋಕೆ, ಒಂದು ಪದದ ಅರ್ಥ ಕೇಳೋಕೆ ಧಾರಾಳವಾಗಿ ಬಳಸಿ. ಆದರೆ ನಿಮ್ಮ ಅಜ್ಜಿ ಹೇಗೆ ಬೈತಾರೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಮೊದಲ ಡ್ರಾಫ್ಟನ್ನೇ ಅದರ ಕೈಗೆ ಕೊಟ್ಟರೆ, ನೀವು ಕಲಿಯಬೇಕಾಗಿದ್ದ ಕೆಲಸ ಅದು ಮಾಡಿಬಿಡುತ್ತೆ, ಅದೂ ಕೆಟ್ಟದಾಗಿ. ಕೆಟ್ಟ ಮೊದಲ ಡ್ರಾಫ್ಟ್ ಬರೆಯೋ ಹಕ್ಕನ್ನ ಬಿಟ್ಟುಕೊಡಬೇಡಿ. ಹತ್ತು ಕೆಟ್ಟ ಕತೆ ಬರೆಯದೆ ಹನ್ನೊಂದನೆಯದು ಹುಟ್ಟಲ್ಲ ಅಂತ ನಮ್ಮ ಅಂದಾಜು. ನಾವು ಇನ್ನೂ ಆರನೆಯದರಲ್ಲಿದ್ದೀವಿ.

ಇನ್ನು ಎರಡನೇ ನೆಪ: ಪ್ಲೇಸ್‌ಮೆಂಟ್ ಆಗ್ಲಿ, ಆಮೇಲೆ.

ಇದಕ್ಕೆ ಉಲ್ಟಾ ಹೇಳೋ ರೀಲ್ಸ್ ದಿನಕ್ಕೆ ಹತ್ತು ಬರುತ್ತೆ. 'ನಿನ್ನ ಪ್ಯಾಷನ್ ಹಿಂದೆ ಹೋಗು, ಇಂಜಿನಿಯರಿಂಗ್ ಬಿಟ್ಟಾಕು.' ಅದನ್ನೂ ನಾವು ಒಪ್ಪಲ್ಲ. ಲೆಕ್ಕ ಹಾಕೋಣ, ಇಷ್ಟು ಮ್ಯಾಥ್ಸ್ ಪೇಪರ್ ಬರೆದಿರೋದು ಮತ್ಯಾಕೆ. ನಿಮ್ಮ ಪುಸ್ತಕದ ಬೆಲೆ 200 ರೂಪಾಯಿ ಅಂದ್ಕೊಳ್ಳಿ. ಒಂದು ಸಾವಿರ ಪ್ರತಿ ಅಚ್ಚಾಯ್ತು ಅಂದ್ಕೊಳ್ಳಿ. ಹೊಸಬರಿಗೆ ಅಷ್ಟು ಹಾಕೋಕೆ ಪ್ರಕಾಶಕರು ಹಿಂದೆ ಮುಂದೆ ನೋಡ್ತಾರೆ. ರಾಯಲ್ಟಿ ಶೇಕಡಾ 10. ಒಂದೊಂದು ಪ್ರತಿಯೂ ಮಾರಾಟ ಆದ್ರೆ ನಿಮ್ಮ ಕೈಗೆ 20,000 ರೂಪಾಯಿ. ಪುಸ್ತಕ ಬರೆಯೋಕೆ ಎರಡು ವರ್ಷ ಹಿಡಿದಿದ್ದರೆ ತಿಂಗಳಿಗೆ 833 ರೂಪಾಯಿ. ಮೆಸ್ ಬಿಲ್ಲಿನ ಕಾಲು ಭಾಗಕ್ಕೂ ಸಾಲಲ್ಲ.

ಬರವಣಿಗೆಯನ್ನೇ ನಂಬಿ ಬದುಕಿದವರು ಕನ್ನಡದಲ್ಲಿ ಇಲ್ಲ ಅಂತಲ್ಲ. ಅನಕೃ ಬದುಕಿದರು. ಗಳಗನಾಥರು ತಮ್ಮ ಕಾದಂಬರಿಗಳನ್ನ ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರಿಗೆ ಕೈ ಮುಗಿದು ಹೇಳ್ತೀವಿ, ಮನೆಯಲ್ಲಿ ಎಜುಕೇಷನ್ ಲೋನ್ ಇರೋ ನಮ್ಮಂಥವರಿಗೆ ಆ ದಾರಿ ಕಷ್ಟ. ಆದರೆ ಕೆಲಸ ಇಟ್ಟುಕೊಂಡೇ ಬರೆದವರ ಸಾಲು ದೊಡ್ಡದು. ಮಾಸ್ತಿ ಮೈಸೂರು ಸಂಸ್ಥಾನದಲ್ಲಿ ಅಧಿಕಾರಿ. ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರದ ಪ್ರೊಫೆಸರ್. ಗಿಡಮರಗಳ ಬಗ್ಗೆ ಬರೆದ 'ಹಸುರು ಹೊನ್ನು'ವಿಗೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ಬೆಳೆಗಾರ. ಬಾನು ಮುಷ್ತಾಕ್ ಹಾಸನದಲ್ಲಿ ವಕೀಲರು. ಬುಕರ್ ಬಂದ 'ಹಾರ್ಟ್ ಲ್ಯಾಂಪ್'ನಲ್ಲಿರೋ ಹನ್ನೆರಡು ಕತೆಗಳು ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬರೆದವುಗಳಿಂದ ಆರಿಸಿದ್ದು. ಜಯಂತ ಕಾಯ್ಕಿಣಿ ಅವರಿಗೆ ಮೊದಲ ಕವನ ಸಂಕಲನಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿ ಬಹುಮಾನ ಬಂದಾಗ ವಯಸ್ಸು ಹತ್ತೊಂಬತ್ತು. (ನಮ್ಮ ವಯಸ್ಸೂ ಹತ್ತೊಂಬತ್ತು. ಈ ವಿಷಯ ಗೊತ್ತಾದ ದಿನ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.) ಅಂಥವರೂ ಆಮೇಲೆ ಬಯೋಕೆಮಿಸ್ಟ್ರಿ ಓದಿ ಮುಂಬಯಿಯ ಔಷಧಿ ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದರು. 'ಮುಂಗಾರು ಮಳೆ'ಯ ಹಾಡುಗಳು ಬಂದಿದ್ದು 2006ರಲ್ಲಿ.

ನಮಗೆ ಎಲ್ಲಕ್ಕಿಂತ ಹತ್ತಿರ ಅನ್ನಿಸಿದ್ದು ಯಶವಂತ ಚಿತ್ತಾಲರು. ನಮ್ಮ ಲೈಬ್ರರಿಯಲ್ಲಿ ಗೇಟ್ ಗೈಡುಗಳ ಹಿಂದೆ ಒಂದು ಕನ್ನಡ ರ‍್ಯಾಕ್ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲಿಂದ 'ಶಿಕಾರಿ' ತೆಗೆದಾಗ ಅದರ ಕೊನೆಯ ಡ್ಯೂ ಡೇಟ್ ಮುದ್ರೆ 2014ರದ್ದು. ಇಂಟರ್ನಲ್ಸ್ ಹಿಂದಿನ ದಿನ ಇದನ್ನ ಶುರು ಮಾಡೋ ತಪ್ಪು ನಮ್ಮಲ್ಲೊಬ್ಬಳು ಮಾಡಿದಳು. ಆ ಇಂಟರ್ನಲ್ಸ್ ಏನಾಯ್ತು ಅಂತ ಕೇಳಬೇಡಿ. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು, ಓದಿದ್ದು ಕೆಮಿಕಲ್ ಟೆಕ್ನಾಲಜಿ, ಕೆಲಸ ಮಾಡಿದ್ದು ಮುಂಬಯಿಯಲ್ಲಿ, ಪ್ಲಾಸ್ಟಿಕ್ ರಾಳದ ಉದ್ಯಮದಲ್ಲಿ. 'ಶಿಕಾರಿ' ಬಂದಿದ್ದು 1979ರಲ್ಲಿ. ಕಂಪನಿಯಲ್ಲಿ ಮೇಲೇರ್ತಿರೋ ಒಬ್ಬ ಮನುಷ್ಯನನ್ನ, ತಾನು ಮಾಡಿದ ತಪ್ಪು ಏನು ಅಂತಲೇ ತಿಳಿಯದ ಸ್ಥಿತಿಯಲ್ಲಿ ಸಸ್ಪೆಂಡ್ ಮಾಡ್ತಾರೆ. ಆಮೇಲಿನ ಕೆಲವು ದಿನಗಳ ಭಯ, ಅನುಮಾನ, ಯಾರನ್ನ ನಂಬೋದು ಅನ್ನೋ ಒದ್ದಾಟ, ಅದೇ ಕಾದಂಬರಿ. ಒಂದು ಬೆಳಿಗ್ಗೆ ಮೇಲ್ ಬಂದು ಐಡಿ ಕಾರ್ಡ್ ಕೆಲಸ ಮಾಡದೇ ಹೋಗೋ ಕಾಲದಲ್ಲಿ ಇದನ್ನ ಓದಿದರೆ ಮೈ ಝುಂ ಅನ್ನುತ್ತೆ. ಆಫೀಸಿನ ಒಳಗೆ ಎಂಟು ಗಂಟೆ ಕೂತವರಿಗೆ ಮಾತ್ರ ಸಿಗೋ ವಿವರಗಳು ಅದರಲ್ಲಿವೆ. ಚಿತ್ತಾಲರು ಕೆಲಸ ಬಿಟ್ಟು ಗುಡ್ಡದ ಮೇಲೆ ಕೂತು ಬರೆದಿದ್ದರೆ ಆ ಪುಸ್ತಕ ಆಗ್ತಿತ್ತಾ? ನಮಗಂತೂ ಅನುಮಾನ.

ಹಾಗಾಗಿ ನಮ್ಮ ವಾದ ಇಷ್ಟು. ಕೆಲಸ ಬೇಕು, ಬಿಡಬೇಡಿ. ಆದರೆ ಬರವಣಿಗೆಯನ್ನ ಕೆಲಸ ಸಿಕ್ಕ ಮೇಲಿನ ಬಹುಮಾನ ಅಂತ ಮುಂದಕ್ಕೆ ಹಾಕಬೇಡಿ. ಇದನ್ನ ಹೇಳೋಕೆ ನಮಗೊಂದು ಕಾರಣ ಇದೆ.

ಎರಡು ವರ್ಷದ ಹಿಂದಿನ ಸಂಚಿಕೆಗಳನ್ನ ತೆಗೆದು ನೋಡಿದರೆ, ಈ ಪತ್ರಿಕೆಯಲ್ಲಿ ಬಂದ ಅತ್ಯುತ್ತಮ ಮೂರು ಕತೆಗಳೂ ಒಬ್ಬ ಅಕ್ಕನವು. ಎಲೆಕ್ಟ್ರಾನಿಕ್ಸ್ ಬ್ರ್ಯಾಂಚ್. ಅವರು ಈ ಕ್ಲಬ್ಬಿಗೆ ನಮ್ಮನ್ನ ಸೇರಿಸಿಕೊಂಡವರು. ಫೈನಲ್ ಇಯರಿನಲ್ಲಿ ಒಳ್ಳೆಯ ಪ್ಯಾಕೇಜ್ ಸಿಕ್ತು. 'ಇನ್ಮೇಲೆ ಬರೆಯೋದೇ ಕೆಲಸ ನೋಡ್ರೋ' ಅಂತ ಪಾರ್ಟಿ ಕೊಟ್ಟರು. ಹೋದ ತಿಂಗಳು ಫೋನ್ ಮಾಡಿ ಕತೆ ಕೇಳಿದ್ವಿ. ಒಂದೂವರೆ ವರ್ಷದಿಂದ ಒಂದು ಸಾಲೂ ಬರೆದಿಲ್ಲವಂತೆ. ಕೆಲಸ ಜಾಸ್ತಿನಾ ಅಕ್ಕ ಅಂದ್ವಿ. 'ಟೈಮ್ ಇಲ್ಲ ಅಂತ ಎಲ್ಲರಿಗೂ ಹೇಳ್ತೀನಿ. ನಿಮಗೆ ನಿಜ ಹೇಳ್ತೀನಿ, ಟೈಮ್ ಇದೆ. ಶನಿವಾರ ಪೂರ್ತಿ ಮಲಗಿರ್ತೀನಿ. ಕೈಗೆ ಅಭ್ಯಾಸ ತಪ್ಪಿಹೋಗಿದೆ. ಫೈಲ್ ಓಪನ್ ಮಾಡಿದ್ರೆ ಭಯ ಆಗತ್ತೆ' ಅಂದರು. ನಾವು ಏನು ಹೇಳಬೇಕು ಅಂತ ಗೊತ್ತಾಗದೆ ಊಟ ಆಯ್ತಾ ಅಕ್ಕ ಅಂದ್ವಿ.

ಅಭ್ಯಾಸ ಅಂದ್ರೆ ದೊಡ್ಡದೇನೂ ಬೇಡ. ನಾವು ಐದು ಜನ ಕಳೆದ ಸೆಮ್‌ನಿಂದ ಮಾಡ್ತಿರೋದು ಇಷ್ಟೇ: ಬುಧವಾರ ಲ್ಯಾಬ್ ಮುಗಿದ ಮೇಲೆ ನಲವತ್ತು ನಿಮಿಷ ಖಾಲಿ ಕ್ಲಾಸ್‌ರೂಮಲ್ಲಿ ಕೂತು ಬರೀತೀವಿ, ಆಮೇಲೆ ಜೋರಾಗಿ ಓದ್ತೀವಿ. ಜೋರಾಗಿ ಓದೋದು ಮುಖ್ಯ. ಕಣ್ಣಿಗೆ ಸರಿ ಕಂಡ ಸಾಲು ಬಾಯಿಗೆ ಬಂದಾಗ ಸುಳ್ಳು ಅಂತ ತಕ್ಷಣ ಗೊತ್ತಾಗುತ್ತೆ. ಮೊದಮೊದಲು ಬರೀ ಪ್ರೇಮ ಮತ್ತು ಸಾವಿನ ಕತೆಗಳೇ ಬರ್ತಿದ್ವು, ಅದೂ ನಾವು ನೋಡದ ಪ್ರೇಮ, ನೋಡದ ಸಾವು. ಈಗೀಗ ಹತ್ತಿರದ್ದು ಬರ್ತಿದೆ. ವರ್ಕ್‌ಶಾಪಿನ ಲೇತ್ ಇನ್‌ಸ್ಟ್ರಕ್ಟರ್, ಮ್ಯಾನೇಜ್‌ಮೆಂಟ್ ಸೀಟಿಗೆ ಅಡಿಕೆ ತೋಟ ಅಡ ಇಟ್ಟ ಅಪ್ಪ, ವೈವಾದಲ್ಲಿ ಅತ್ತ ಹುಡುಗ, ರಾತ್ರಿ ಎರಡಕ್ಕೆ ಮ್ಯಾಗಿ ಮಾಡೋವಾಗ ಫ್ಯೂಸ್ ಹೋಗಿದ್ದು. ನಮ್ಮ ಹಾಸ್ಟೆಲ್ಲು ಕನ್ನಡ ಕತೆಗಳಲ್ಲಿ ನಮಗೆ ಇನ್ನೂ ಸಿಕ್ಕಿಲ್ಲ. ಆ ಜಾಗ ಖಾಲಿ ಇದೆ ಅಂತಲೇ ನಾವು ಅಂದ್ಕೊಂಡಿದ್ದೀವಿ.

ಬರೆದಿದ್ದನ್ನ ಎಲ್ಲಿಗೆ ಕಳಿಸೋದು ಅಂತ ಕೇಳಿದ್ರಲ್ಲ. ಸುಧಾ, ತರಂಗ, ಮಯೂರ, ತುಷಾರ ಇವೆಯಲ್ಲ, ಮೊದಲು ಒಂದೆರಡು ಸಂಚಿಕೆ ಓದಿ ಆಮೇಲೆ ಕಳಿಸಿ. ಪ್ರಜಾವಾಣಿ ದೀಪಾವಳಿ ಕಥಾಸ್ಪರ್ಧೆ ಬಹಳ ವರ್ಷದಿಂದ ಹೊಸಬರಿಗೆ ಬಾಗಿಲು. ಮೂವತ್ತರೊಳಗಿನವರಿಗೆ ಟೋಟೊ ಪುರಸ್ಕಾರ ಕನ್ನಡಕ್ಕೂ ಇದೆ. ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ, ಅರ್ಜಿ ಕರೆದಾಗ ನೋಡ್ತಿರಬೇಕು. ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ, ಸಾಫ್ಟ್‌ವೇರಿನಲ್ಲಿದ್ದುಕೊಂಡೇ ಕತೆ ಬರೆದ ವಸುಧೇಂದ್ರ ಅವರು ಕಟ್ಟಿದ 'ಛಂದ ಪುಸ್ತಕ' ಹೊಸ ಕತೆಗಾರರ ಹಸ್ತಪ್ರತಿಗಳನ್ನ ಸ್ಪರ್ಧೆ ಇಟ್ಟು ಪ್ರಕಟಿಸುತ್ತಾ ಬಂದಿದೆ. ಉತ್ತರ ಬರೋಕೆ ತಿಂಗಳುಗಳೇ ಆಗುತ್ತೆ. ಒಂದೇ ಕತೆಯನ್ನ ಏಕಕಾಲಕ್ಕೆ ನಾಲ್ಕು ಕಡೆ ಕಳಿಸಬೇಡಿ.

ಕಳಿಸೋ ಮುಂಚೆ ಇನ್ನೊಂದು ಮಾತು, ಇದು ಅನುಭವದ್ದು. ನಮ್ಮಲ್ಲೊಬ್ಬ ಊರಿನ ಸೈಬರ್ ಸೆಂಟರಿನ ಕಂಪ್ಯೂಟರಲ್ಲಿ ನುಡಿಯ ಹಳೇ ಫಾಂಟಲ್ಲಿ ಕತೆ ಟೈಪ್ ಮಾಡಿ, ಅದನ್ನೇ ಕಾಪಿ ಮಾಡಿ ಮೇಲ್‌ನಲ್ಲಿ ಅಂಟಿಸಿ ಒಂದು ವಾರಪತ್ರಿಕೆಗೆ ಕಳಿಸಿದ. ನಾಲ್ಕು ತಿಂಗಳು ಕಾದ. ಸಂಪಾದಕರಿಗೆ ಇಂಗ್ಲಿಷ್ ಮೀಡಿಯಂ ಹುಡುಗರನ್ನ ಕಂಡ್ರೆ ಆಗಲ್ಲ ಅಂತ ನಮ್ಮ ಹತ್ತಿರ ಗೊಣಗಿದ. ಒಂದು ದಿನ ಮೊಬೈಲಲ್ಲಿ ಸೆಂಟ್ ಮೇಲ್ ತೆಗೆದು ನೋಡ್ತಾನೆ, ಕತೆಯ ಜಾಗದಲ್ಲಿ ಎ, ಇ, ಪ್ರಶ್ನಾರ್ಥಕ ಚಿಹ್ನೆ, ಡಿಗ್ರಿ ಚಿಹ್ನೆಗಳ ಕಲಸುಮೇಲೋಗರ. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ ಅವನು! ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಕಳಿಸೋ ಮುಂಚೆ ಗೆಳೆಯರ ಫೋನಿಗೆ ಒಮ್ಮೆ ಕಳಿಸಿ ನೋಡಿ.

ಇದಕ್ಕಿಂತ ದುಬಾರಿ ಪಾಠ ಇನ್ನೊಂದಿದೆ. ಫಸ್ಟ್ ಇಯರಿನಲ್ಲಿ ಇನ್‌ಸ್ಟಾಗ್ರಾಮಲ್ಲಿ ಒಂದು ಮೆಸೇಜ್ ಬಂತು. 'ನೀವೂ ಲೇಖಕರಾಗಿ! ನಮ್ಮ ಸಂಕಲನದಲ್ಲಿ ಸಹ-ಲೇಖಕರಾಗಲು 499 ರೂಪಾಯಿ, ಐಎಸ್‌ಬಿಎನ್ ಶುಲ್ಕ 200 ಪ್ರತ್ಯೇಕ, ಸರ್ಟಿಫಿಕೇಟ್ ಉಚಿತ.' ನಮ್ಮಲ್ಲಿಬ್ಬರು ಕಟ್ಟಿದರು. ಆಕ್ಟಿವಿಟಿ ಪಾಯಿಂಟ್ಸ್‌ಗೂ ಆಗುತ್ತೆ ಅನ್ನೋ ಆಸೆ ಬೇರೆ. ಸರ್ಟಿಫಿಕೇಟ್ ಬಂತು, ಹೆಸರಿನ ಕಾಗುಣಿತ ತಪ್ಪು. ಪುಸ್ತಕ ಬೇಕಾದರೆ ಇನ್ನೂ 350 ಕಟ್ಟಬೇಕು. ಕಟ್ಟಿ ತರಿಸಿ ನೋಡಿದರೆ ಎಪ್ಪತ್ತು ಜನ 'ಲೇಖಕರು', ಓದಿದವರು ಪ್ರಾಯಶಃ ಆ ಎಪ್ಪತ್ತು ಜನವೇ, ಅವರೂ ತಮ್ಮ ತಮ್ಮ ಪುಟವನ್ನ ಮಾತ್ರ. ಭಾರತದಲ್ಲಿ ಐಎಸ್‌ಬಿಎನ್ ಸಂಖ್ಯೆಯನ್ನ ಸರ್ಕಾರದ ಸಂಸ್ಥೆಯೇ ಉಚಿತವಾಗಿ ಕೊಡುತ್ತೆ ಅಂತ ಆಮೇಲೆ ಗೊತ್ತಾಯ್ತು. ನಿಮ್ಮ ಹತ್ತಿರ ದುಡ್ಡು ಕೇಳಿದವರು ನಿಮಗೆ ಪ್ರಕಾಶಕರಲ್ಲ, ನೀವು ಅವರ ಗಿರಾಕಿ. ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿಕೊಳ್ಳೋದು ತಪ್ಪಲ್ಲ, ಕನ್ನಡದಲ್ಲಿ ಬಹಳ ಜನ ಮಾಡಿದ್ದಾರೆ. ಆದರೆ ಅದಕ್ಕೆ ನೇರ ಪ್ರೆಸ್ಸಿಗೆ ಹೋಗಿ ರೇಟ್ ಕೇಳಬಹುದು.

ಹಕ್ಕುಸ್ವಾಮ್ಯದ ಬಗ್ಗೆ ನಮ್ಮಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ನೀವು ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ಎಲ್ಲೂ ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ನೀವು ಬದುಕಿರೋವರೆಗೂ, ಆಮೇಲೆ ಇನ್ನೂ 60 ವರ್ಷ ಅದು ಇರುತ್ತೆ. ಹಕ್ಕನ್ನ ಬೇರೆಯವರಿಗೆ ವರ್ಗಾಯಿಸಬೇಕಾದರೆ ಬರವಣಿಗೆಯಲ್ಲೇ ಆಗಬೇಕು. ಅವಧಿ ನಮೂದಿಸದೆ ಇದ್ದರೆ ಕಾಯ್ದೆ ಅದನ್ನ ಐದು ವರ್ಷ ಅಂತ ತಗೊಳ್ಳುತ್ತೆ. ಕರಾರಿನಲ್ಲಿ ಅನುವಾದ, ಆಡಿಯೋ, ಸಿನಿಮಾ ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆಸಿಕೊಳ್ಳೋಕೆ ನೋಡಿದರೆ ಸಹಿ ಹಾಕೋ ಮುಂಚೆ ಗೊತ್ತಿರೋರಿಗೆ ತೋರಿಸಿ. ಹತ್ತೊಂಬತ್ತನೇ ವಯಸ್ಸಿಗೆ 'ನನ್ನ ಪುಸ್ತಕ ಹಾಕ್ತಾರಂತೆ' ಅನ್ನೋ ಸಂತೋಷದಲ್ಲಿ ನಾವು ಏನಕ್ಕೆ ಬೇಕಾದ್ರೂ ಸಹಿ ಹಾಕಿಬಿಡ್ತೀವಿ. ಅನುವಾದದ ಹಕ್ಕಿಗೆ ಏನು ಬೆಲೆ ಅಂತ ಗೊತ್ತಾಗೋಕೆ ಇಷ್ಟು ಸಾಕು: ಅಂತರರಾಷ್ಟ್ರೀಯ ಬುಕರಿನ 50,000 ಪೌಂಡ್ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲು.

ಅನುವಾದ ಅಂದ ಮೇಲೆ ನೆನಪಾಯ್ತು. ನಮ್ಮ ಇಂಗ್ಲಿಷ್ ಮೀಡಿಯಂ ಶಾಪ ಪೂರ್ತಿ ಶಾಪ ಅಲ್ಲ. ಎರಡು ಭಾಷೆ ಅರ್ಧಂಬರ್ಧ ಬರೋರಿಗೆ ಎರಡನ್ನೂ ಗಟ್ಟಿ ಮಾಡಿಕೊಳ್ಳೋಕೆ ಅನುವಾದದಷ್ಟು ಒಳ್ಳೆಯ ವ್ಯಾಯಾಮ ಇಲ್ಲ. ಸಬ್‌ಟೈಟಲ್, ಆ್ಯಪ್‌ಗಳ ಕನ್ನಡ, ಜಾಹೀರಾತು, ಆಡಿಯೋ ಕತೆ, ಇವಕ್ಕೆಲ್ಲ ದುಡ್ಡು ಕೊಟ್ಟು ಬರೆಸೋರು ಇದ್ದಾರೆ. ಬ್ಯಾಂಕಿನ ಆ್ಯಪ್ ಕನ್ನಡದಲ್ಲಿ ತೆರೆದು ನೋಡಿ. ಅಲ್ಲಿ ಒಬ್ಬ ಒಳ್ಳೆಯ ಬರಹಗಾರ ಎಷ್ಟು ಬೇಕಾಗಿದ್ದಾನೆ ಅಂತ ಒಂದೇ ಸ್ಕ್ರೀನಲ್ಲಿ ತಿಳಿಯುತ್ತೆ.

ವಿಜಯಪುರದ ಹುಡುಗ ತನ್ನ ಆಯಿಯ ಕತೆಯನ್ನ ಮತ್ತೆ ಬರೆದು ತಂದ, ಈ ಸಲ ಲ್ಯಾಬ್ ರೆಕಾರ್ಡಿನ ಹಿಂಬದಿಯ ಖಾಲಿ ಹಾಳೆಗಳಲ್ಲಿ. ಮೊದಲ ಸಾಲಿನಲ್ಲೇ ಆಯಿ ಬೈತಾರೆ. ಕಾಗುಣಿತ ತಪ್ಪು ಇಪ್ಪತ್ತಮೂರು. ಪ್ರೂಫ್ ನೋಡೋನು ಎಣಿಸಿದ್ದಾನೆ, ತಿದ್ದಿದ್ದಾನೆ, ಮಾತುಗಳಿಗೆ ಮಾತ್ರ ಕೈ ಹಚ್ಚಿಲ್ಲ. ಈ ಸಂಚಿಕೆಯಲ್ಲೇ ಇದೆ, ಓದಿ. ಮುಂದಿನ ಸಂಚಿಕೆಗೆ ಅಕ್ಕನ ಹೆಸರಲ್ಲಿ ಒಂದು ಕತೆಯ ಜಾಗ ಖಾಲಿ ಇಟ್ಟಿದ್ದೀವಿ ಅಂತ ಅವರಿಗೆ ಮೆಸೇಜ್ ಹಾಕಿದ್ದೀವಿ. ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ. ಕಾರಿಡಾರಲ್ಲಿ ಕೇಳಿದ ನಾಲ್ವರೂ ಬುಧವಾರ ಸಂಜೆ ನಾಲ್ಕೂವರೆಗೆ ಬನ್ನಿ, ಸೆಕೆಂಡ್ ಫ್ಲೋರಿನ ಕೊನೆಯ ಕ್ಲಾಸ್‌ರೂಮ್. ಅಲ್ಲಿ ಫ್ಯಾನ್ ಕೆಟ್ಟಿದೆ. ಕೈಬರಹದಲ್ಲಿದ್ದರೂ ತನ್ನಿ, ಟೈಪ್ ಮಾಡೋ ಸರದಿ ಈ ತಿಂಗಳು ನಾಲ್ಕು ತಿಂಗಳು ಕಾದ ಆ ಕಂಪ್ಯೂಟರ್ ಸೈನ್ಸ್ ಹುಡುಗನದ್ದು.